ಮೇಣದ ಹಾಳೆಯನ್ನು ಜೇನುನೊಣಗಳು ಕಚ್ಚಿ ಹಾಕೋದು ಯಾಕೆ?

ಪ್ರಶ್ನೆ: ಜುಲೈನಲ್ಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣ) ಪೆಟ್ಟಿಗೆಗೆ ನಾಲ್ಕು ಹೊಸ ಮೇಣದ ಹಾಳೆ (ಗೂಡು ಕಟ್ಟಲು ಆಧಾರವಾಗಿ ಕೊಡುವ, ಕೋಶದ ಅಚ್ಚಿರುವ ತೆಳು ಹಾಳೆ) ಕೊಟ್ಟೆ. ನೊಣಗಳು ಎರಿ (ಕೋಶಗಳಿರುವ ಮೇಣದ ಹಲ್ಲೆ) ಕಟ್ಟೋದು ಬಿಟ್ಟು ಹಾಳೆಯನ್ನೇ ಕಚ್ಚಿ ತೂತು ಮಾಡಿವೆ. ಪೆಟ್ಟಿಗೆ ಮಾರಿದವರು ಹಾಳೆಗೆ ಬೆಲ್ಲದ ನೀರು ಹಚ್ಚಿ, ಒಂದು ಔಷಧಿ ಸಿಂಪಡಿಸಿ ಅಂದರು. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ ಬರುತ್ತದೆ. ಜುಲೈನಲ್ಲಿ ಹಾಳೆ ಕೊಡಬೇಡಿ. ನಿಮ್ಮ ತೊಂದರೆಯ ಮೂಲ ಇಷ್ಟೇ.

ನೊಣ ಮೇಣವನ್ನು ಹೊರಗಿನಿಂದ ತರುವುದಿಲ್ಲ. ಸುಮಾರು 12ರಿಂದ 18 ದಿನ ವಯಸ್ಸಿನ ಕೆಲಸಗಾರ ನೊಣಗಳ ಹೊಟ್ಟೆಯ ಅಡಿಯಲ್ಲಿ ನಾಲ್ಕು ಜೋಡಿ ಗ್ರಂಥಿಗಳಿವೆ. ಮೇಣ ಅಲ್ಲಿಂದಲೇ ಒಸರಬೇಕು. ಅದಕ್ಕೆ ಹೊಟ್ಟೆ ತುಂಬ ಜೇನು ಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೂವು ಕಡಿಮೆ, ಇದ್ದರೂ ಮಳೆಗೆ ನೊಣ ಹೊರಗೆ ಹೋಗಲಾರದು. ಆಗ ಮೇಣ ಒಸರುವುದು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಆದರೆ ಮರಿ ಇರುವ ಕೋಶಗಳಿಗೆ ಮುಚ್ಚಳ ಹಾಕಬೇಕು, ಹರಿದ ಎರಿ ತೇಪೆ ಹಾಕಬೇಕು. ಪಕ್ಕದಲ್ಲೇ ತಯಾರು ಮೇಣ ನೇತಾಡುತ್ತಿದ್ದರೆ ಕಚ್ಚಿಕೊಂಡು ಹೋಗದೆ ಬಿಡುತ್ತವಾ? ನೀವು ಕೊಟ್ಟದ್ದು ಅವಕ್ಕೆ ಹಾಳೆಯಲ್ಲ, ಉಗ್ರಾಣ.

ಅಡಿಮಣೆ ಎಳೆದು ನೋಡಿ. ರವೆಯಂಥ ಬಿಳಿ ಮೇಣದ ಪುಡಿ ಬಿದ್ದಿದ್ದು, ಹಾಳೆಯ ಅಂಚು ಅಲೆ ಅಲೆಯಾಗಿ ಸವೆದಿದ್ದರೆ ಅದು ನೊಣಗಳದೇ ಕೆಲಸ. ರೇಷ್ಮೆ ಎಳೆಯಂಥ ಬಲೆ, ಕಪ್ಪು ಹಿಕ್ಕೆ ಕಂಡರೆ ಮೇಣದ ಪತಂಗದ ಹುಳು. ಅದರ ಕಥೆಯೇ ಬೇರೆ.

ಹಾಗಾದರೆ ಯಾವಾಗ ಕೊಡಬೇಕು? ಹಳೆ ಎರಿಗಳ ಮೇಲಂಚಿನಲ್ಲಿ ಹೊಸ ಬಿಳಿ ಮೇಣ ಕಾಣಬೇಕು. ಇರುವ ಎರಿಗಳನ್ನೆಲ್ಲ ನೊಣ ಮುಚ್ಚಿರಬೇಕು. ಆಗ ಒಂದೇ ಒಂದು ಹಾಳೆ, ಸಂಸಾರ ಕೋಣೆಯ (ಪೆಟ್ಟಿಗೆಯಲ್ಲಿ ಮರಿ ಬೆಳೆಯುವ ಭಾಗ) ಕೊನೆಯ ಮರಿ ಎರಿಯ ಪಕ್ಕಕ್ಕೆ, ಸಂಜೆ ಹೊತ್ತು. ಅದು ಎರಿಯಾದ ಮೇಲೆ ಇನ್ನೊಂದು. ಹೂವು ಇನ್ನೂ ಸರಿಯಾಗಿ ಶುರುವಾಗದಿದ್ದರೆ ಸಕ್ಕರೆ, ನೀರು ಸಮಸಮ ಕಲಸಿ ಕೆಲವು ಸಂಜೆ ಕೊಡಿ. ಒಮ್ಮೆಗೆ ನಾಲ್ಕು ಹಾಳೆ ಕೊಡುವ ಆತುರ ಯಾಕೆ ಬರುತ್ತದೋ ನನಗೆ ಗೊತ್ತಿಲ್ಲ. ದುರ್ಬಲ ಕುಟುಂಬಕ್ಕೆ ಅಷ್ಟು ಜಾಗ ಕಾಯುವುದೇ ಭಾರ.

ಸರಿಯಾದ ಕಾಲದಲ್ಲಿ ಕೊಟ್ಟರೂ ಕಚ್ಚಿದರೆ ಹಾಳೆಯನ್ನೇ ಮೂಸಿ ನೋಡಿ. ಒಳ್ಳೆ ಮೇಣಕ್ಕೆ ಜೇನಿನ ವಾಸನೆ ಇರುತ್ತದೆ. ಅಂಗಡಿ ಮೇಣದಬತ್ತಿಯ ವಾಸನೆ ಬಂದರೆ ಪ್ಯಾರಾಫಿನ್ ಕಲಬೆರಕೆ. ಅಂಥ ಹಾಳೆ ಬಿಸಿಲಿಗೆ ಬೇಗ ಜೋತು ಬೀಳುತ್ತದೆ, ನೊಣವೂ ಇಷ್ಟಪಡುವುದಿಲ್ಲ. ಬಹಳ ದಿನ ಇಟ್ಟು ಒಣಗಿ ಬೂದಿ ಕಟ್ಟಿದ ಹಾಳೆಯನ್ನು ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಹಿಡಿದರೆ ಸಾಕು. ಹೆಚ್ಚು ಹೊತ್ತು ಬೇಡ, ಕರಗುತ್ತದೆ.

ಬೆಲ್ಲದ ನೀರಂತೂ ಖಂಡಿತ ಬೇಡ. ಅದು ಇರುವೆಯನ್ನು ಕರೆಯುತ್ತದೆ, ನೊಣಗಳಿಗೆ ಭೇದಿ ತರುತ್ತದೆ. ಆ "ಔಷಧಿ" ಮಾರುವವರು ಬಾಟಲಿಯಲ್ಲಿ ಏನಿದೆ ಅಂತ ಹೇಳುತ್ತಾರಾ? ಕೇಳಿ ನೋಡಿ. ಜನ ತಿನ್ನುವ ಜೇನು ಇರುವ ಪೆಟ್ಟಿಗೆಗೆ ಗೊತ್ತಿಲ್ಲದ್ದನ್ನು ಸಿಂಪಡಿಸಿ ಅನ್ನುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕಚ್ಚುವುದನ್ನು ನಿಲ್ಲಿಸುವ ಔಷಧಿ ಇಲ್ಲ. ದುಡ್ಡು ದಂಡ.

ಪ್ರಶ್ನೆ: ಮೆಲ್ಲಿಫೆರಾ (ಯುರೋಪಿನ ಜೇನುನೊಣ) ಹಾಳೆಯನ್ನೇ ಕತ್ತರಿಸಿ ತುಡುವೆಗೆ ಹಾಕಬಹುದಾ?

ಉತ್ತರ: ಬೇಡ. ಅದರ ಕೋಶ ತುಡುವೆಯ ಕೋಶಕ್ಕಿಂತ ದೊಡ್ಡದು.

ಪ್ರಶ್ನೆ: ಖಾಲಿ ಎರಿ ಇಟ್ಟ ಡಬ್ಬಿಗೆ ನ್ಯಾಫ್ತಲೀನ್ ಗುಳಿಗೆ ಹಾಕುತ್ತೇನೆ. ಸರಿಯಾ?

ಉತ್ತರ: ತಪ್ಪು. ಮೇಣ ಅದನ್ನು ಹೀರಿಕೊಂಡು ಜೇನಿಗೆ ದಾಟಿಸುತ್ತದೆ. ಇವತ್ತೇ ತೆಗೆಯಿರಿ.

ಪ್ರಶ್ನೆ: ತೂತು ಬಿದ್ದ ಹಾಳೆಯನ್ನು ಎಸೆಯಬೇಕಾ?

ಉತ್ತರ: ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಕರಗಿಸಿ. ಚಿಕ್ಕ ತೂತಾದರೆ ತೆಗೆದಿಟ್ಟು ಹೂವಿನ ಕಾಲಕ್ಕೆ ಮತ್ತೆ ಕೊಡಿ. ನೊಣಗಳೇ ಮುಚ್ಚುತ್ತವೆ. ಆದರೆ ಆ ಜಾಗದಲ್ಲಿ ಹೆಚ್ಚಾಗಿ ಗಂಡುನೊಣದ ಕೋಶ ಕಟ್ಟುತ್ತವೆ. ಹಾಗಾಗಿ ಅಂಥ ಎರಿಯನ್ನು ಅಂಚಿನಲ್ಲೇ ಇಡಿ.