ಕಪ್ಪಾದ ಬಾಳೆಹಣ್ಣು ಎಸೀಬೇಡಿ

ಪ್ರಶ್ನೆ: ಮನೇಲಿ ಬಾಳೆಹಣ್ಣು ಎಲ್ಲಾ ಒಂದೇ ಸಲ ಹಣ್ಣಾಗಿ ಸಿಪ್ಪೆ ಕಪ್ಪಾಗ್ಬಿಡತ್ತೆ, ಮಕ್ಕಳು ಮುಟ್ಟೋದೇ ಇಲ್ಲ. ಸುಲಭವಾಗಿ ಏನಾದ್ರೂ ಮಾಡ್ಬಹುದಾ ಮೇಡಂ?

ಉತ್ತರ: ಖಂಡಿತ ಮಾಡ್ಬಹುದು, ದಯವಿಟ್ಟು ಎಸೀಬೇಡಿ! ಹಣ್ಣಾಗ್ತಾ ಹೋದಂಗೆ ಒಳಗಿನ ಪಿಷ್ಟ ಸಕ್ಕರೆ ಆಗತ್ತೆ, ಅದಕ್ಕೇ ಚುಕ್ಕೆ ಬಿದ್ದ ಹಣ್ಣೇ ಜಾಸ್ತಿ ಸಿಹಿ, ಅಡುಗೆಗೆ ಬೇರೆ ಸಕ್ಕರೆ ಹೆಚ್ಚು ಬೇಕಾಗಲ್ಲ. ನನಗೆ ತುಂಬಾ ಇಷ್ಟ ಪ್ಯಾನ್‌ಕೇಕ್. 2 ಹಣ್ಣು ಫೋರ್ಕ್‌ನಲ್ಲಿ ಚೆನ್ನಾಗಿ ಹಿಸುಕಿ, 1 ಕಪ್ ಗೋಧಿ ಹಿಟ್ಟು, 1 ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಸುಮಾರು ಅರ್ಧ ಕಪ್ ಹಾಲು ಹಾಕಿ ಗಟ್ಟಿ ಹಿಟ್ಟು ಕಲಸಿ, ಜಾಸ್ತಿ ತಿರುವಬೇಡಿ ರಬ್ಬರ್ ಥರ ಆಗತ್ತೆ. ಕಾದ ತವಾಗೆ ಬೆಣ್ಣೆ ಸವರಿ ಚಿಕ್ಕದಾಗಿ ಹುಯ್ಯಿರಿ, ಉರಿ ಸಣ್ಣಗಿರ್ಲಿ ಯಾಕಂದ್ರೆ ಹಣ್ಣಿನ ಸಕ್ಕರೆ ಬೇಗ ಸೀದುಹೋಗತ್ತೆ, ಮೇಲೆ ಗುಳ್ಳೆ ಬಂದು ಅಂಚು ಒಣಗಿದ ಮೇಲೆ ತಿರುಗಿಸಿ.

ಇನ್ನೊಂದು ಐಸ್‌ಕ್ರೀಮ್. ಸಿಪ್ಪೆ ಸುಲಿದು ಬಿಲ್ಲೆ ಕತ್ತರಿಸಿ, ತಟ್ಟೇಲಿ ಒಂದಕ್ಕೊಂದು ತಾಗದಂಗೆ ಹರಡಿ ರಾತ್ರಿಯೆಲ್ಲಾ ಫ್ರೀಜರ್‌ನಲ್ಲಿಡಿ, ಆಮೇಲೆ ಮಿಕ್ಸಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುವಿ. ಮೊದಲು ಪುಡಿಪುಡಿ ಕಾಣತ್ತೆ, ಹಾಗೇ ಇನ್ನೂ ಸ್ವಲ್ಪ ಹೊತ್ತು ತಿರುವಿದ್ರೆ ನುಣ್ಣಗೆ ಕ್ರೀಮ್ ಆಗತ್ತೆ, ಕೋಕೋ ಪೌಡರ್ ಹಾಕಿದ್ರಂತೂ ಮಕ್ಕಳು ಬಿಡಲ್ಲ.

ಆದ್ರೆ ಬೂಸ್ಟು ಬಂದಿದ್ರೆ, ನೀರು ಸೋರ್ತಾ ಹುಳಿ ವಾಸನೆ ಹೊಡೀತಿದ್ರೆ ಬಳಸ್ಬೇಡಿ. ಫ್ರಿಜ್‌ನಲ್ಲಿಟ್ಟು ಸಿಪ್ಪೆ ಮಾತ್ರ ಕಪ್ಪಾಗಿದ್ರೆ ಏನೂ ಯೋಚನೆ ಬೇಡ, ಒಳಗೆ ಚೆನ್ನಾಗೇ ಇರತ್ತೆ.