ಇತ್ತೀಚೆಗೆ ಓದಿದ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಕಾದಂಬರಿಗಳಲ್ಲಿ ನಿಮಗೆ ಯಾವುದು ಹಿಡಿಸಿತು?

ಇತ್ತೀಚೆಗೆ ಏನೇನು ಓದಿದಿರಿ, ಹೊಸಬರು ಯಾವುದರಿಂದ ಶುರುಮಾಡಬಹುದು ಎಂದು ಕೇಳಿದ್ದೀರಿ. ನಾನು ವಿಮರ್ಶಕನಲ್ಲ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಜನಸಾಗರದಲ್ಲಿ ಒಬ್ಬ. ಕೂರಲು ಜಾಗ ಸಿಕ್ಕರೆ ಕೂತು ಓದುತ್ತೇನೆ, ಸಿಗದಿದ್ದರೆ ಬಾಗಿಲ ಬಳಿ ಕಂಬಿ ಹಿಡಿದು ಓದುತ್ತೇನೆ. ಹಾಗಾಗಿ ಇದನ್ನು ಹರಟೆ ಎಂದೇ ತಿಳಿಯಿರಿ.

ನನ್ನದೊಂದು ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಹೊಸ ಲೋಕವೊಂದನ್ನು ಕಟ್ಟಿ ಮುಂದಿಟ್ಟರೆ, ಅಲ್ಲಿನವರು ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ನನ್ನ ಕಣ್ಣು ತಾನಾಗಿಯೇ ಹುಡುಕುತ್ತದೆ. ಕೋಲಾರ ಜಿಲ್ಲೆಯವರಿಗೆ ಇದು ಹುಟ್ಟುಗುಣ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೆರೆಗಳನ್ನು ನಂಬಿದ್ದೆವು, ಅವು ಬತ್ತಿದ ಮೇಲೆ ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆದೆವು. ಇಂಥ ಕಡೆ ಬೆಳೆದವನ ಮುಂದೆ ಡ್ರ್ಯಾಗನ್ ತಂದು ನಿಲ್ಲಿಸಿದರೂ, ಇದಕ್ಕೆ ದಿನಕ್ಕೆ ಎಷ್ಟು ಕೊಡ ನೀರು ಬೇಕು ಎಂಬ ಲೆಕ್ಕವೇ ಮೊದಲು ತಲೆಗೆ ಬರುತ್ತದೆ.

ಈ ಲೆಕ್ಕದಲ್ಲಿ ಫ್ರಾಂಕ್ ಹರ್ಬರ್ಟ್ ಬರೆದ ‘ಡ್ಯೂನ್’ಗೆ ಪೂರ್ತಿ ಅಂಕ. 1965ರ ಪುಸ್ತಕ, ಇಷ್ಟು ತಡವಾಗಿ ಕೈಗೆತ್ತಿಕೊಂಡಿದ್ದಕ್ಕೆ ಅದರ ಗಾತ್ರವೇ ಕಾರಣ. ಅರ್ರಾಕಿಸ್ ಎಂಬ ಮರಳುಗ್ರಹಕ್ಕೆ ಹೊಸ ಒಡೆಯನಾಗಿ ಬಂದ ಡ್ಯೂಕನನ್ನು ಕಾಣಲು ಸ್ಥಳೀಯ ನಾಯಕನೊಬ್ಬ ಬರುತ್ತಾನೆ. ಬಂದವನೇ ಮೇಜಿನ ಮೇಲೆ ಉಗುಳುತ್ತಾನೆ. ಡ್ಯೂಕನ ಕಡೆಯವರು ಕೆರಳಿ ನಿಂತಾಗ, ಆ ಜನರ ರೀತಿನೀತಿ ಬಲ್ಲ ಒಬ್ಬ ತಡೆದು, ‘ನಿಮ್ಮ ಮೈಯ ತೇವವನ್ನು ನಮಗೆ ಕೊಟ್ಟಿರಿ’ ಎಂದು ಬಂದವನಿಗೆ ಕೃತಜ್ಞತೆ ಹೇಳುತ್ತಾನೆ. ನೀರಿಲ್ಲದ ನೆಲದಲ್ಲಿ ಎಂಜಲೂ ಗೌರವದ ಕಾಣಿಕೆ. ಮರಳುಗಾಡಿನ ಬಗ್ಗೆ ಹತ್ತು ಪುಟ ವರ್ಣನೆ ಕೊಟ್ಟಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಇನ್ನೊಂದು ಕಡೆ ಅರಮನೆಯ ಮುಂದಿನ ಖರ್ಜೂರದ ಮರಗಳ ಲೆಕ್ಕ ಬರುತ್ತದೆ. ಒಂದು ಮರಕ್ಕೆ ದಿನಕ್ಕೆ 40 ಲೀಟರ್, ಒಬ್ಬ ಮನುಷ್ಯನಿಗೆ 8 ಲೀಟರ್. ಇಪ್ಪತ್ತು ಮರ ಎಂದರೆ ನೂರು ಮನುಷ್ಯರು. ದಾರಿಹೋಕರು ಆ ಮರಗಳನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾ ಹೋಗುತ್ತಾರೆ. ನೀಲಗಿರಿ ತೋಪುಗಳು ಅಂತರ್ಜಲ ಹೀರುತ್ತವೆಯೋ ಇಲ್ಲವೋ ಎಂಬ ಜಗಳವನ್ನು ಚಿಕ್ಕಂದಿನಿಂದ ಕೇಳಿದ ನಾನು ಆ ಪುಟವನ್ನು ಮತ್ತೆ ಹಿಂದಕ್ಕೆ ತಿರುಗಿಸಿ ಓದಿದೆ. ಆ ಗ್ರಹದ ಜನ ತೊಡುವ ಉಡುಪು ಅವರ ಬೆವರು, ಮೂತ್ರ ಎಲ್ಲವನ್ನೂ ಸೋಸಿ ಕುಡಿಯುವ ನೀರಾಗಿ ಹಿಂದಿರುಗಿಸುತ್ತದೆ. ಬೆಂಗಳೂರಿನ ಸಹೋದ್ಯೋಗಿಗೆ ಇದನ್ನು ಹೇಳಿದರೆ ಅವಳು ಮುಖ ಕಿವಿಚಿದಳು. ನಾನು ನಕ್ಕೆ. ಅವಳ ನಗರದ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ, ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ಹರಿದು 2018ರಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದಿನ ಕೆರೆಗಳಿಗೆ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ನಮ್ಮಲ್ಲಿ ಹೋರಾಟ ನಡೆದೇ ಇದೆ. ಕೆರೆ ತುಂಬಿತು ಎಂದು ಖುಷಿಪಡುವವರೂ ಆ ನೀರಿಗೆ ಮೂಗು ಮುಚ್ಚಿಕೊಳ್ಳುವವರೂ ಒಂದೇ ಮನೆಯಲ್ಲಿದ್ದಾರೆ. ಹರ್ಬರ್ಟ್‌ನ ಜನರಿಗೆ ಆ ಸಂಕೋಚವೇ ಇಲ್ಲ. ಸತ್ತವನ ಮೈಯ ನೀರೂ ಕುಲಕ್ಕೆ ಸೇರಿದ್ದು.

ಹಾಗೆಂದು ಡ್ಯೂನ್ ಎಲ್ಲ ಕಡೆಯೂ ರುಚಿಸಲಿಲ್ಲ. ಪ್ರತಿಯೊಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ, ಆ ಲೆಕ್ಕವೆಲ್ಲ ಓರೆ ಅಕ್ಷರದಲ್ಲಿ ಅಚ್ಚಾಗಿದೆ. ಲೋಕೋದ್ಧಾರಕ್ಕೆ ರಾಜಕುಮಾರನೇ ಬೇಕು ಎಂಬ ಕಥೆಯನ್ನು ಲೇಖಕರು ಶಂಕೆಯಿಂದಲೇ ಹೇಳುತ್ತಾರೆ, ನಿಜ, ಆದರೂ ಕೊನೆಯ ಭಾಗದಲ್ಲಿ ಆ ಶಂಕೆ ಯುದ್ಧದ ಧೂಳಿನಲ್ಲಿ ಮುಚ್ಚಿಹೋಗುತ್ತದೆ.

ಲಿಯು ಸಿಶಿನ್ ಅವರ ‘ದಿ ತ್ರೀ ಬಾಡಿ ಪ್ರಾಬ್ಲಮ್’ನಲ್ಲಿ ಮೂರು ಸೂರ್ಯರ ನಡುವೆ ಸಿಕ್ಕಿಬಿದ್ದ ಗ್ರಹವೊಂದಿದೆ. ಯಾವ ಸೂರ್ಯ ಯಾವಾಗ ಹುಟ್ಟುತ್ತಾನೆಂದು ಯಾರಿಗೂ ಗೊತ್ತಿಲ್ಲ. ಬೇಗೆ ಬಂತೆಂದರೆ ಅಲ್ಲಿನವರು ಮೈಯ ನೀರನ್ನೆಲ್ಲ ಹೊರಹಾಕಿ ಒಣಗುತ್ತಾರೆ. ಅವರನ್ನು ಚಾಪೆಯಂತೆ ಸುತ್ತಿ ಉಗ್ರಾಣದಲ್ಲಿ ಇಡುತ್ತಾರೆ. ಒಳ್ಳೆಯ ಕಾಲ ಬಂದಾಗ ನೀರಿನಲ್ಲಿ ನೆನೆಹಾಕಿ ಎಬ್ಬಿಸುತ್ತಾರೆ. ಈ ಕಲ್ಪನೆಗೆ ಶರಣು. ಚೀನಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರನ್ನು ಮಗಳ ಕಣ್ಣೆದುರೇ ಹೊಡೆದು ಕೊಲ್ಲುವ ಭಾಗವಂತೂ ಪುಸ್ತಕ ಮುಚ್ಚಿದ ಮೇಲೂ ಬಿಡುವುದಿಲ್ಲ. ಆ ಮಗಳೊಬ್ಬಳನ್ನು ಬಿಟ್ಟರೆ ಉಳಿದ ಪಾತ್ರಗಳಿಗೆ ಜೀವ ಕಡಿಮೆ, ಸಿದ್ಧಾಂತವನ್ನು ವಿವರಿಸಲೆಂದೇ ಬಂದು ಹೋಗುವವರು.

ಅಂದಹಾಗೆ, ಅದರಲ್ಲಿ ಅನ್ಯಗ್ರಹದವರು ಭೂಮಿಯ ವಿಜ್ಞಾನ ಬೆಳೆಯಬಾರದೆಂದು ಭೌತಶಾಸ್ತ್ರದ ಪ್ರಯೋಗಗಳನ್ನೇ ಕೆಡಿಸುತ್ತಾರೆ. ನಮ್ಮ ಕೆ.ಜಿ.ಎಫ್. ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳನ್ನು ಪತ್ತೆಮಾಡಿದ್ದರು. ಜಗತ್ತಿನ ಮೊದಲ ಪತ್ತೆಗಳಲ್ಲಿ ಅದೂ ಒಂದು. ಈಗ ಅಲ್ಲಿ ಆ ಪ್ರಯೋಗಗಳಿಲ್ಲ, 2001ರಲ್ಲಿ ಗಣಿಯೇ ಮುಚ್ಚಿತು. ನಮ್ಮಲ್ಲಿ ಅದಕ್ಕೆ ಅನ್ಯಗ್ರಹದವರು ಬೇಕಾಗಲಿಲ್ಲ, ಚಿನ್ನದ ಲಾಭನಷ್ಟದ ಲೆಕ್ಕವೇ ಸಾಕಾಯಿತು.

ಇವೆಲ್ಲಕ್ಕಿಂತ ನನ್ನೊಳಗೆ ಇಳಿದದ್ದು ಅರ್ಸುಲಾ ಲೆ ಗ್ವಿನ್ ಅವರ ‘ದಿ ಡಿಸ್ಪೊಸೆಸ್ಡ್’, 1974ರದು. ಆಸ್ತಿಯೂ ಸರ್ಕಾರವೂ ಬೇಡವೆಂದವರು ಬರಡು ಉಪಗ್ರಹವೊಂದಕ್ಕೆ ಹೋಗಿ ನೆಲೆಸಿದ್ದಾರೆ. ಅಲ್ಲಿ ಹುಟ್ಟಿದ ಭೌತವಿಜ್ಞಾನಿ ಶೆವೆಕ್, ಪೂರ್ವಿಕರು ಬಿಟ್ಟುಬಂದ ಸಮೃದ್ಧ ಗ್ರಹಕ್ಕೆ ಹೋಗುತ್ತಾನೆ. ಕಥೆ ಎಂದರೆ ಇಷ್ಟೇ, ನಡೆಯೂ ನಿಧಾನ. ಆದರೆ ಬರಗಾಲದ ಅಧ್ಯಾಯದಲ್ಲಿ ಒಂದು ರೈಲು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಒಳಗೆ ನೂರಾರು ಹಸಿದ ಪ್ರಯಾಣಿಕರು. ಪಕ್ಕದಲ್ಲೇ ಪುಟ್ಟ ಊರು, ಅಲ್ಲಿ ಊಟವಿದೆ. ಹಂಚಿಕೊಂಡು ಬದುಕುವುದನ್ನೇ ಧರ್ಮವೆಂದು ಕಲಿತ ಜನ ಅವರು. ಬಂದವರು ಬೆರಳೆಣಿಕೆಯಷ್ಟಿದ್ದಿದ್ದರೆ ಕರೆದು ಉಣಿಸುತ್ತಿದ್ದರು. ಇಷ್ಟೊಂದು ಜನ ಎಂದಾಗ ಏನನ್ನೂ ಕೊಡದೆ ಬಾಗಿಲು ಹಾಕಿಕೊಳ್ಳುತ್ತಾರೆ. ಲೆ ಗ್ವಿನ್ ಆ ಊರಿನವರನ್ನು ಬೈಯುವುದಿಲ್ಲ, ಸಮರ್ಥಿಸುವುದೂ ಇಲ್ಲ. ವೈಟ್‌ಫೀಲ್ಡ್ ದಾಟಿದ ಮೇಲೂ ಪುಟ ತಿರುವದೆ ಕೂತಿದ್ದೆ. ತಾನು ನಂಬಿದ ಆದರ್ಶವನ್ನೇ ಹೀಗೆ ಬರದಲ್ಲಿ ಒರೆಗೆ ಹಚ್ಚುವ ಲೇಖಕಿಯನ್ನು ನಾನು ಬೇರೆ ಕಂಡಿಲ್ಲ.

ಇದಾದ ಮೇಲೆ ಹಲವು ಸಂಪುಟಗಳ ದಪ್ಪ ಫ್ಯಾಂಟಸಿಯೊಂದನ್ನು ಹಿಡಿದೆ. ಹೆಸರು ಬೇಡ, ಅದಕ್ಕೆ ಭಕ್ತರು ಬಹಳ. ಲಕ್ಷ ಜನರ ಸೈನ್ಯ ಬೆಟ್ಟದ ಕೋಟೆಯಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಒಂದು ಕಲ್ಯಾಣಿಯಿಲ್ಲ, ಒಂದು ಕಣಜವಿಲ್ಲ, ರೊಟ್ಟಿ ಬಡಿಯುವವರು ಯಾರೂ ಕಾಣುವುದಿಲ್ಲ. ಮೊದಲ ಸಂಪುಟಕ್ಕೇ ಕೈಮುಗಿದೆ.

ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ ಪುಟ್ಟ ಪುಸ್ತಕ, 2020ರದು. ಕೊನೆಯಿಲ್ಲದ ಹಜಾರಗಳ ಮನೆ, ಎಲ್ಲೆಡೆ ಶಿಲ್ಪಗಳು, ಕೆಳಗಿನ ಅಂತಸ್ತಿನಲ್ಲಿ ಕಡಲು, ಮೇಲಿನದರಲ್ಲಿ ಮೋಡ. ನಡುವೆ ಒಬ್ಬ ಮನುಷ್ಯ ಮೀನು ಹಿಡಿದು, ಕಡಲಪಾಚಿ ಒಣಗಿಸಿ ಸೌದೆ ಮಾಡಿಕೊಂಡು, ಉಬ್ಬರದ ವೇಳೆಯನ್ನು ಗುರುತು ಹಾಕಿಕೊಂಡು ನೆಮ್ಮದಿಯಾಗಿದ್ದಾನೆ. ಹೆಚ್ಚು ಹೇಳಿದರೆ ಗುಟ್ಟು ಬಿಟ್ಟುಕೊಟ್ಟಂತೆ. ಮೊದಲ ಐವತ್ತು ಪುಟ ತಲೆಬುಡ ತಿಳಿಯದು, ತಾಳಿಕೊಳ್ಳಿ.

ನಿಮಗೆ ಈ ಬಗೆಯ ಓದು ಹೊಸದಾದರೆ ಆ್ಯಂಡಿ ವಿಯರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ಯಿಂದ ಶುರುಮಾಡಿ. ಇಂಗ್ಲಿಷ್ ಸಲೀಸು, ನಾಯಕ ಶಾಲೆಯ ವಿಜ್ಞಾನದ ಮೇಷ್ಟರು. ಅವನಿಗೆ ಗಂಟುಬೀಳುವ ಐದು ಕಾಲಿನ ಅನ್ಯಗ್ರಹಜೀವಿ ಸಂಗೀತದ ಸ್ವರಗಳಲ್ಲಿ ಮಾತಾಡುತ್ತದೆ, ಎಂಜಿನಿಯರ್ ಬೇರೆ. ನಾಯಕನ ಹಾಸ್ಯ ಅರ್ಧದ ಹೊತ್ತಿಗೆ ಸವೆಯುತ್ತದೆ, ಅವರಿಬ್ಬರ ಸ್ನೇಹ ಸವೆಯುವುದಿಲ್ಲ. ಡ್ಯೂನನ್ನು ಮಾತ್ರ ಮೊದಲಿಗೇ ಹಿಡಿಯಬೇಡಿ, ಅದರ ಹಿಂದಿನ ಶಬ್ದಕೋಶ ತಿರುವುವುದರಲ್ಲೇ ಆಸಕ್ತಿ ಹೋಗುತ್ತದೆ.

ಸದ್ಯ ಕೈಯಲ್ಲಿರುವುದು ಎನ್. ಕೆ. ಜೆಮಿಸಿನ್ ಅವರ ‘ದಿ ಫಿಫ್ತ್ ಸೀಸನ್’. ಮತ್ತೆ ಮತ್ತೆ ಭೂಮಿ ಬಾಯ್ಬಿಟ್ಟು ಬೂದಿ ಕವಿಯುವ ಲೋಕ. ಪ್ರತಿ ಊರೂ ಆ ದಿನಗಳಿಗಾಗಿ ಉಗ್ರಾಣ ತುಂಬಿಟ್ಟುಕೊಂಡಿರುತ್ತದೆ. ಅಂದರೆ ನನ್ನ ಪರೀಕ್ಷೆಯಲ್ಲಿ ಆಗಲೇ ಪಾಸು. ನಾಯಕಿಯನ್ನು ‘ನೀನು’ ಎಂದು ಸಂಬೋಧಿಸುತ್ತಾ ಕಥೆ ಹೇಳುವ ಕ್ರಮ ಮಾತ್ರ ಇನ್ನೂ ಒಗ್ಗಿಲ್ಲ. ಅರ್ಧವೂ ಮುಗಿದಿಲ್ಲ, ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಕೊನೆಯನ್ನು ಇಲ್ಲಿ ಬರೆಯಬೇಡಿ.