ಭಾಗವತರನ್ನ ಬದಲಾಯಿಸಿದ್ರೆ ಆಟ ಸರಿ ಆಗ್ತದಾ?

ಸುರತ್ಕಲ್‌ನ ಓದುಗರೊಬ್ರ ಪತ್ರ ಬಂದಿದೆ. ಮೂರು ಪುಟ ಉಂಟು, ಅದ್ರಲ್ಲಿ ಒಂದೂವರೆ ಪುಟ ಬರೀ ಬೈಗುಳ, ಅದನ್ನ ಇಲ್ಲಿ ಹಾಕ್ಲಿಕ್ಕೆ ಆಗುದಿಲ್ಲ. ಉಳಿದದ್ರ ಸಾರ ಇಷ್ಟು: ಅವ್ರು 1999ರಿಂದ ಇಂಗ್ಲೆಂಡಿನ ಫುಟ್‌ಬಾಲ್ ಟೀಮ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಫ್ಯಾನ್, ರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಎದ್ದು ಟೀಮ್ ಸೋಲುದನ್ನ ನೋಡಿ ಬೆಳಿಗ್ಗೆ ಕೆಂಪು ಕಣ್ಣಲ್ಲಿ ಡ್ಯೂಟಿಗೆ ಹೋಗಿ ಹೋಗಿ ಸಾಕಾಗಿದೆ. "ಕಳೆದ ಸಂಚಿಕೆಯಲ್ಲಿ ತಾಳ್ಮೆ ಬೇಕು ಅಂತ ಬರೆದ್ರಿ. ಎಷ್ಟು ವರ್ಷ ಸ್ವಾಮಿ? ಸೋಲ್ತಾ ಇರುವ ಮ್ಯಾನೇಜರನ್ನ ತೆಗೀಬೇಕಾ ಬೇಡ್ವಾ, ತೆಗೆಯುದಾದ್ರೆ ಯಾವಾಗ, ಹೇಗೆ? ಸುತ್ತಿ ಬಳಸಿ ಹೇಳ್ಬೇಡಿ" ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾರಾಯ್ರೆ, ಮೊದ್ಲು ತಪ್ಪು ಒಪ್ಪಿಕೊಳ್ತೇನೆ. ತಾಳ್ಮೆ ಅಂತ ಬರೆದದ್ದು ಸೋಮಾರಿ ಬರಹ, ಪುಟದ ಕೆಳಗೆ ನಾಲ್ಕು ಸಾಲು ಜಾಗ ಖಾಲಿ ಇತ್ತು, ಕೈಗೆ ಸಿಕ್ಕಿದ ಶಬ್ದ ಹಾಕಿ ತುಂಬಿಸಿದೆ. ನೀವು ಹಿಡಿದದ್ದು ಸರಿ.

ಈಗ ನೇರ ಉತ್ತರ. ಮ್ಯಾನೇಜರನ್ನ, ಅಂದ್ರೆ ಟೀಮ್ ಆಡಿಸುವ ಮುಖ್ಯ ಕೋಚನ್ನ, ತೆಗೆಯುದು ತಪ್ಪಲ್ಲ. ಆದ್ರೆ ಇವ್ರನ್ನ ಎಂತಕ್ಕೆ ತಂದದ್ದು ಅಂತ ನೆನಪಿಲ್ಲದ ಕ್ಲಬ್, ಮುಂದೆ ಯಾರು ಅಂತ ಗೊತ್ತಿಲ್ಲದ ಕ್ಲಬ್, ಬರೀ ಸ್ಕೋರ್ ನೋಡಿ ತೆಗೀತದಲ್ಲ, ಅದು ದುಡ್ಡು ಹಾಳು ಮಾಡುದು ಅಷ್ಟೆ.

ನಿಮ್ಗೆ ಯಕ್ಷಗಾನದ ಲೆಕ್ಕದಲ್ಲಿ ಹೇಳಿದ್ರೆ ಬೇಗ ಅರ್ಥ ಆದೀತು, ನೀವೂ ಆ ಸುತ್ತಿನವ್ರೇ. ಮೇಳ ದೀಪಾವಳಿ ಕಳೆದ ಮೇಲೆ ಹೊರಟು ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ತಿರುಗಾಟ. ಕಲಾವಿದ್ರು ಆ ಮೇಳ ಬಿಟ್ಟು ಈ ಮೇಳ ಸೇರುದು, ಪದ ಹೇಳಿ ಆಟ ನಡೆಸುವ ಭಾಗವತ್ರು ಹೊಸಬರು ಬರುದು, ಇದೆಲ್ಲ ಸಾಮಾನ್ಯವಾಗಿ ಮಳೆಗಾಲದಲ್ಲಿ ಮಾತುಕತೆ ಆಗುವಂಥದ್ದು. ನಡು ತಿರುಗಾಟದಲ್ಲಿ ಭಾಗವತ್ರನ್ನ ಎಬ್ಬಿಸಿ ಬೇರೆಯವ್ರನ್ನ ಕೂರಿಸಿದ್ರೆ ಚೆಂಡೆ ಮದ್ದಳೆಯವ್ರು ಅದೇ ಜನ, ವೇಷಧಾರಿಗಳು ಅದೇ ಜನ, ಪದ ಹೇಳುವ ಕ್ರಮ ಮಾತ್ರ ಬೇರೆ, ಯಾರು ಎಲ್ಲಿ ಕುಣಿಬೇಕು ಎಲ್ಲಿ ನಿಲ್ಬೇಕು ಅಂತ ಒಂದು ತಿಂಗಳು ಎಲ್ರಿಗೂ ಗಲಿಬಿಲಿ. ಫುಟ್‌ಬಾಲಲ್ಲೂ ಅಷ್ಟೇ, ಟ್ರಾನ್ಸ್‌ಫರ್ ವಿಂಡೋ, ಅಂದ್ರೆ ಪ್ಲೇಯರ್ಸ್ ಕೊಂಡು ಮಾರುವ ಸಮಯ, ಮುಚ್ಚಿದ ಮೇಲೆ ಮ್ಯಾನೇಜರ್ ಬದಲಾಯಿಸಿದ್ರೆ ಹೊಸಬನ ಕೈಗೆ ಸಿಗುದು ಹಳಬ ಆರಿಸಿದ ಪ್ಲೇಯರ್ಸ್.

ನಿಮ್ಮ ಯುನೈಟೆಡ್ ಮಾಡಿದ್ದು ಎಂತ ನೋಡಿ. 2023-24ರಲ್ಲಿ ಆಗಿನ ಮ್ಯಾನೇಜರ್ ಟೆನ್ ಹಾಗ್ ಟೀಮ್ ಲೀಗಲ್ಲಿ 8ನೇ ಸ್ಥಾನ, ಆದ್ರೆ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನ 2-1ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ರು. ತೆಗೆಯುದಾದ್ರೆ ಅದೇ ಪತ್ತನಾಜೆ. ತೆಗೀಲಿಲ್ಲ. ಬೇರೆಯವ್ರ ಹತ್ರ ಮಾತಾಡಿ ನೋಡಿ, ವಾರಗಟ್ಟಲೆ ಯೋಚನೆ ಮಾಡಿ, ಕೊನೆಗೆ ಜುಲೈಯಲ್ಲಿ ಕಾಂಟ್ರಾಕ್ಟನ್ನೇ 2026ರವರೆಗೆ ಉದ್ದ ಮಾಡಿದ್ರು, ನೆದರ್ಲೆಂಡ್ಸಿನ ಅಯಾಕ್ಸ್ ಕ್ಲಬ್ಬಲ್ಲಿ ಅವರ ಕೈಕೆಳಗೆ ಆಡಿದ್ದ ಡಿ ಲಿಕ್ಟ್, ಮಜ್ರೌಯಿ ಇವ್ರನ್ನೆಲ್ಲ ತಂದುಕೊಟ್ರು. ಆಮೇಲೆ 9 ಲೀಗ್ ಮ್ಯಾಚ್ ಆಗುವಾಗ 14ನೇ ಸ್ಥಾನ, ಅಕ್ಟೋಬರ್ 28ಕ್ಕೆ ಮನೆಗೆ ಕಳಿಸಿದ್ರು. ಅವ್ರಿಗೂ ಅವ್ರ ಸ್ಟಾಫಿಗೂ ಕೊಟ್ಟ ಪರಿಹಾರ ಸುಮಾರು 1 ಕೋಟಿ ಪೌಂಡ್, ನಮ್ಮ ರೂಪಾಯಿಯಲ್ಲಿ ನೂರು ಕೋಟಿ ದಾಟ್ತದೆ. ಹೊಸಬರು ಅಮೋರಿಮ್, ಆಡಿಸ್ತಾ ಇದ್ದದ್ದು 3-4-3 (ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು), ಬದಿಯಲ್ಲಿ ಓಡಿ ಆಡುವ ವಿಂಗರ್‌ಗಳನ್ನ ನೆಚ್ಚಿ ಕಟ್ಟಿದ ಟೀಮಲ್ಲಿ ವಿಂಗರ್‌ಗೆ ಜಾಗವೇ ಇಲ್ಲದ ಆಟ. ಆ ಸೀಸನ್ ಮುಗಿಯುವಾಗ 42 ಪಾಯಿಂಟ್, 15ನೇ ಸ್ಥಾನ. ಇದ್ರಲ್ಲಿ ತಪ್ಪು ಟೆನ್ ಹಾಗ್‌ದಾ ಅಮೋರಿಮ್‌ದಾ? ನಾನಂತೂ ಜುಲೈಯಲ್ಲಿ ಒಂದು ಅಕ್ಟೋಬರಲ್ಲಿ ಒಂದು ಹೇಳಿದವ್ರನ್ನ ಕೇಳ್ತೇನೆ.

ನಡುವಲ್ಲಿ ಒಂದು ತಮಾಷೆ ಆಯ್ತು, ನಿಮ್ಗೆ ನೆನಪಿರ್ಬಹುದು. ಟೆನ್ ಹಾಗ್ ಹೋಗಿ ಅಮೋರಿಮ್ ಬರುವವರೆಗೆ ಅಸಿಸ್ಟೆಂಟ್ ಆಗಿದ್ದ ವಾನ್ ನಿಸ್ಟಲ್‌ರೂಯ್ ಟೀಮ್ ನೋಡಿಕೊಂಡ್ರು, 4 ಮ್ಯಾಚಲ್ಲಿ 3 ಗೆಲುವು 1 ಡ್ರಾ. ಆಗ ನೀವೂ ಸೇರಿ ಎಲ್ರೂ "ಇವ್ರನ್ನೇ ಇಟ್ಕೊಳ್ಳಿ" ಅಂದದ್ದು. ಆದ್ರೆ ಆ ನಾಲ್ಕರಲ್ಲಿ ಎರಡು ಮ್ಯಾಚ್ ಯುನೈಟೆಡ್‌ನದ್ದೇ ಮೈದಾನ ಓಲ್ಡ್ ಟ್ರಾಫರ್ಡಲ್ಲಿ ಲೆಸ್ಟರ್ ಮೇಲೆ, ಆ ವರ್ಷ ಲೀಗಿಂದ ಕೆಳಗೆ ಬಿದ್ದ ಟೀಮ್ ಅದು. ನಾನು ಕಾಲೇಜಲ್ಲಿ ಆಡುವಾಗ ಇದೇ ಆಗಿತ್ತು. ನೆಹರೂ ಮೈದಾನದ ಕೆಸರಲ್ಲಿ ನಾಲ್ಕು ಮ್ಯಾಚ್ ಸಾಲಾಗಿ ಸೋತು, ಕೋಚ್ ಸರಿಯಿಲ್ಲ ಅಂತ ಸೀನಿಯರ್ ಒಬ್ಬನನ್ನ ಕೋಚ್ ಮಾಡಿದ್ವಿ, ಐದನೇ ಮ್ಯಾಚ್ 3-0 ಗೆದ್ವಿ, ಗಡ್‌ಬಡ್ ಐಸ್‌ಕ್ರೀಂ ಪಾರ್ಟಿ ಬೇರೆ. ಮರುದಿನ ಗೊತ್ತಾಯ್ತು ಆಚೆ ಟೀಮಿನ ಗೋಲ್‌ಕೀಪರ್‌ಗೆ ಜ್ವರ, ನಿಂತದ್ದು ಅವ್ರ ಕಿಟ್ ಬ್ಯಾಗ್ ಹೊರುವ ಹುಡುಗ. ಆರನೇ ಮ್ಯಾಚ್ ಸೋತ್ವಿ.

ಇದನ್ನ ನೆದರ್ಲೆಂಡ್ಸಲ್ಲಿ ಲೆಕ್ಕ ಹಾಕಿಯೇ ನೋಡಿದ್ದಾರೆ. ಅಲ್ಲಿನ ಲೀಗಿನ 1986ರಿಂದ 2004ರವರೆಗಿನ ಸೀಸನ್‌ಗಳನ್ನ ತೆಗೆದು, ಸೋತು ಮ್ಯಾನೇಜರ್ ತೆಗೆದ ಕ್ಲಬ್‌ಗಳನ್ನೂ ಅಷ್ಟೇ ಸೋತು ತೆಗೆಯದೆ ಉಳಿಸಿಕೊಂಡ ಕ್ಲಬ್‌ಗಳನ್ನೂ ಪಕ್ಕಪಕ್ಕ ಇಟ್ರು. ತೆಗೆದವ್ರು ಚೇತರಿಸಿಕೊಂಡ್ರು, ಹೌದು, ತೆಗೆಯದವ್ರೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡ್ರು. ಯಾಕಂದ್ರೆ ಮ್ಯಾನೇಜರ್ ತೆಗೆಯುದು ಗ್ರಹಚಾರ ತೀರಾ ಕೆಟ್ಟಿರುವಾಗ, ಆಮೇಲೆ ಸ್ವಲ್ಪ ಮೇಲೆ ಬರುದು ಹೇಗೂ ಇರ್ತದೆ.

ದೂರದ್ದು ಯಾಕೆ, ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. ಸೈಮನ್ ಗ್ರೇಸನ್ 2022ರಲ್ಲಿ ಕೋಚ್ ಆಗಿ ಬಂದ್ರು, ಡ್ಯುರಾಂಡ್ ಕಪ್ ಗೆದ್ರು, ಆಮೇಲೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾಗಿ ನೋಡಿದ್ರೆ ಟೇಬಲ್‌ನ ಕೆಳಗೆ ಎಲ್ಲೋ ಒದ್ದಾಟ. ತೆಗೀರಿ ಅಂತ ಕಂಠೀರವದಲ್ಲಿ ಕೂಗುವವ್ರು ಇದ್ರು. ತೆಗೀಲಿಲ್ಲ. ಲೀಗ್ ಕೊನೆಗೆ ಸಾಲಾಗಿ 8 ಮ್ಯಾಚ್ ಗೆದ್ದು, ಕೇರಳ ಬ್ಲಾಸ್ಟರ್ಸ್ ಮೇಲೆ ಛೆಟ್ರಿಯ ಆ ಫ್ರೀ ಕಿಕ್, ಮುಂಬೈ ಮೇಲೆ ಪೆನಾಲ್ಟಿ, ಹೋಗಿ ಹೋಗಿ ಫೈನಲ್, ಅಲ್ಲಿ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲೇ ಸೋತದ್ದು. ಮರುವರ್ಷ ಅದೇ ಗ್ರೇಸನ್, ಅದೇ ಒದ್ದಾಟ, 2023ರ ಡಿಸೆಂಬರಲ್ಲಿ ಮನೆಯಂಗಳದಲ್ಲೇ ಮುಂಬೈ ಹತ್ರ 0-4 ಪೆಟ್ಟು ತಿಂದ ಕೂಡಲೇ ಹೊರಗೆ. ಬದಲಾಯಿಸಿ ಆ ಸೀಸನ್ ಎಂತ ಆಯ್ತು? 12 ಟೀಮಲ್ಲಿ 10ನೇದು. ಆದ್ರೆ ಹೊಸ ಕೋಚ್ ಜೆರಾರ್ಡ್ ಸರಗೋಸಾರನ್ನ ಆ 10ನೇ ಸ್ಥಾನ ನೋಡಿ ಓಡಿಸ್ಲಿಲ್ಲ, ಒಂದು ಪೂರ್ತಿ ಪ್ರೀ ಸೀಸನ್ ಕೊಟ್ರು, 2024-25ರಲ್ಲಿ ಮತ್ತೆ ಫೈನಲ್. ಅಲ್ಲೂ ಬಾಗಾನೇ ಸೋಲಿಸಿದ್ದು, 2-1, ಅದಿರ್ಲಿ, ಆ ಗಾಯ ಕೆದಕುದು ಬೇಡ.

ನೀವು ಯುನೈಟೆಡ್‌ನ ಹಳೇ ಮ್ಯಾನೇಜರ್ ಫರ್ಗುಸನ್ ಹೆಸ್ರು ತೆಗೆದು "ಅವ್ರಿಗೆ ಮೂರೂವರೆ ವರ್ಷ ಕೊಟ್ಟಿದ್ರಲ್ಲ, ಅದೇ ಕಥೆ ಎಲ್ರಿಗೂ ಹೇಳ್ತಾರೆ" ಅಂತ ಸಿಟ್ಟಾಗಿದ್ದೀರಿ. ನಿಮ್ಮ ಸಿಟ್ಟು ನ್ಯಾಯವೇ. 1986 ನವೆಂಬರಲ್ಲಿ ಬಂದವ್ರು ಮೊದ್ಲ ಕಪ್ ಎತ್ತಿದ್ದು 1990ರಲ್ಲಿ, ಆ ವರ್ಷ ಲೀಗಲ್ಲಿ 13ನೇ ಸ್ಥಾನ. ಆದ್ರೆ ಅವ್ರನ್ನ ಇಟ್ಟುಕೊಂಡದ್ದು ಬರೀ ಕಣ್ಣು ಮುಚ್ಚಿ ಅಲ್ಲ. ಕೆಳಗೆ ಕೆಲಸ ನಡೀತಾ ಇತ್ತು, ಹುಡುಗರನ್ನ ಹುಡುಕುವ ವ್ಯವಸ್ಥೆ ಪೂರ್ತಿ ಹೊಸದು, ಮುಂದೆ ದೊಡ್ಡ ಆಟಗಾರನಾದ ಗಿಗ್ಸ್ 14 ವರ್ಷದವನಿರುವಾಗ ಬಂದದ್ದು ಹಾಗೇ, ಕುಡಿತಕ್ಕೆ ಹೆಸ್ರಾಗಿದ್ದ ದೊಡ್ಡ ಆಟಗಾರರನ್ನ 1989ರಲ್ಲಿ ಮಾರಿಯೇ ಬಿಟ್ರು. ಅಂದ್ರೆ ಟೇಬಲಲ್ಲಿ ಕಾಣದ್ದು ಮೈದಾನದಲ್ಲಿ ಕಾಣ್ತಾ ಇತ್ತು. ನಿಮ್ಮ ಮ್ಯಾನೇಜರ್ ವಿಷಯದಲ್ಲೂ ನಾನು ಕೇಳುದು ಅಷ್ಟೇ: ಹುಡುಗ್ರು ಬೆಳೀತಿದ್ದಾರಾ, ಎಂತ ಆಡ್ಲಿಕ್ಕೆ ಹೊರಟಿದ್ದಾರೆ ಅಂತ ಗೊತ್ತಾಗ್ತದಾ, ಡ್ರೆಸ್ಸಿಂಗ್ ರೂಮ್ ಅವ್ರ ಮಾತು ಕೇಳ್ತದಾ? ಮೂರಕ್ಕೂ ಇಲ್ಲ ಅಂದ್ರೆ ಕಾಯುದು ಬೇಡ, ನಾಳೆಯೇ ತೆಗೀರಿ.

ಆದ್ರೆ ತೆಗೆಯುವ ಮೊದ್ಲು ಮುಂದಿನವ್ರ ಹತ್ರ ಮಾತು ಮುಗಿದಿರ್ಬೇಕು. ಚೆಲ್ಸಿ 2021 ಜನವರಿಯಲ್ಲಿ ಲ್ಯಾಂಪಾರ್ಡನ್ನ ತೆಗೆಯುವಾಗ ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿ ತೆಗೆದು ಹಾಕಿದ್ದ ಕೋಚ್ ಟೂಹೆಲ್ ಆಗ್ಲೇ ಖಾಲಿ ಇದ್ರು, ಮರುದಿನವೇ ಬಂದ್ರು, ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ರು. ಟೀಮ್ ಒಳ್ಳೇದೇ ಇತ್ತು, ಅದು ಬೇರೆ ವಿಷಯ, ಕೆಟ್ಟ ಟೀಮಿಗೆ ಟೂಹೆಲ್ ಬಂದ್ರೂ ಅಷ್ಟೇ ಬ್ರಹ್ಮ ಬಂದ್ರೂ ಅಷ್ಟೇ. ಇನ್ನು "ಹಳೇ ಪ್ಲೇಯರನ್ನೇ ತನ್ನಿ, ಕ್ಲಬ್ಬಿನ ಡಿಎನ್‌ಎ" ಅಂತ ಬರೆದಿದ್ದೀರಲ್ಲ, ಯುನೈಟೆಡ್‌ನ ಹಳೇ ಪ್ಲೇಯರ್ ಸೋಲ್‌ಶೇರ್‌ಗೆ ಮೂರು ತಿಂಗಳು ಚೆನ್ನಾಗಿ ನಡೀತು ಅಂತ 2019 ಮಾರ್ಚಲ್ಲಿ ಪರ್ಮನೆಂಟ್ ಮಾಡಿದ್ರು, 2021ರಲ್ಲಿ ವಾಟ್‌ಫರ್ಡ್ ಹತ್ರ 4-1 ಸೋತ ಮರುದಿನ ಕಳಿಸಿದ್ರು. ಪ್ರೀತಿ ಬೇರೆ ಕೆಲಸ ಬೇರೆ. ನೆನಪಿಗೆ ಬಾಳೆಹಣ್ಣು ಕೊಡಿ, ಸಂಬಳ ಕೊಡ್ಬೇಡಿ.

ನಿಮ್ಮ ಪತ್ರದ ಕೊನೇ ಪುಟದ ಹಿಂದೆ ಬೇರೆ ಕೈಬರಹದಲ್ಲಿ ಒಂದು ಸಾಲು ಉಂಟು, ನೀವು ನೋಡಿದ್ದೀರೋ ಇಲ್ವೋ. "ಸಂಪಾದಕರೇ, ಮ್ಯಾನೇಜರ್ ಯಾರಾದ್ರೂ ಇರ್ಲಿ, ಇವ್ರಿಗೆ ರಾತ್ರಿ ಮಲಗ್ಲಿಕ್ಕೆ ಹೇಳಿ." ಅಕ್ಕಾ, ಅದೊಂದು ನನ್ನಿಂದ ಆಗ್ಲಿಕ್ಕಿಲ್ಲ. ನಮ್ಮ ಮನೆಯಲ್ಲೂ ಅಲಾರಂ ಒಂದೂವರೆಗೇ.